ನಾ ಹಂಗ ಅಂದಿಲ್ಲ

ಪಶ್ಚಿಮ ಬರ್ಲಿನ್
14 ಅಕ್ಟೋಬರ್ 1979

ಪ್ರಿಯ ವಿನ್‌ಫ್ರೀಡ್,

ಸಿಟ್ಟು ಇಳಿಯಿತೋ, ಇನ್ನೂ ಮೂಗಿನ ತುದಿಯಲ್ಲೇ ಇದೆಯೋ? ಮಾರ್ಬುರ್ಗ್‌ನಿಂದ ರೈಲು ಹೊರಡುವವರೆಗೂ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ಇದ್ದೆ. ಎದುರಿಗೆ ಕೂತ ಹೆಂಗಸು, "ಗಾಳಿ ಬರ್ತಿದೆ, ಕಿಟಕಿ ಹಾಕಮ್ಮಾ, ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ" ಅಂದಳು. ಹಾಕಿದೆ.

ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಬೆಳಿಗ್ಗೆ ಹಳೆಯ ಜರ್ಮನ್ ವ್ಯಾಕರಣ, ಮಧ್ಯಾಹ್ನ ಅದೇ ಕೋಣೆಗೆ ಕಪ್ಪು ಪರದೆ ಎಳೆದು ಸಿನಿಮಾ. ಎರಡನ್ನೂ ಒಟ್ಟಿಗೆ ಯಾಕೆ ಕಲಿಸುತ್ತಾರೆ ಎಂದು ಯಾರೋ ಕೇಳಿದ್ದಕ್ಕೆ ಹೆಲ್ವಿಗ್ ಮೇಷ್ಟ್ರು "ಎರಡೂ ಬಾಯಿಯಿಂದಲೇ ಶುರುವಾಗೋದು, ಬಾಯಿ ನೋಡೋದು ಕಲೀರಿ" ಅಂದಿದ್ದರಲ್ಲ, ಇಲ್ಲಿ ಬಂದ ಮೇಲೆ ಅದು ದಿನಾ ನೆನಪಾಗುತ್ತಿದೆ. ಇಲ್ಲಿಯ ಚಲನಚಿತ್ರ ಶಾಲೆಯಲ್ಲಿ ವ್ಯಾಕರಣದ ಸುದ್ದಿಯೇ ಇಲ್ಲ. ಎಲ್ಲರೂ ಕಣ್ಣಿನವರೇ.

"ಮೊದಲು ಶುರು ಮಾಡಿದ್ದನ್ನು ಮುಗಿಸು, ಆಮೇಲೆ ಬರ್ಲಿನ್‌ಗೆ ಹೋಗು" ಎಂದೆ ನೀನು. ಸೀಟು ಸಿಕ್ಕಿದ್ದು ಈ ವರ್ಷ, ಮುಂದಿನ ವರ್ಷ ಯಾರು ಕೊಡುತ್ತಾರೆ? ಮುಗಿಸುವುದಿಲ್ಲ ಎಂದು ನಾನೆಲ್ಲಿ ಹೇಳಿದೆ? ನಿನ್ನ ಅಜ್ಜಿಯ ಊರು ಲಾಂಗೆನ್‌ರಾಟ್, ಅದು ಕಲ್ಲಿದ್ದಲ ಗಣಿಯ ಬಾಯಿಗೆ ಬೀಳುವ ಮೊದಲು ಅಲ್ಲಿಯ ಮಾತನ್ನೂ ಮುಖಗಳನ್ನೂ ಹಿಡಿದಿಡಬೇಕು ಎಂದು ಬೇಸಗೆಯಿಡೀ ಅಲೆದದ್ದು ನಾನೂ ತಾನೆ. ಚಿತ್ರದ ಡಬ್ಬಿಗಳು ನನ್ನ ಹತ್ತಿರ ಇವೆ, ದನಿಯ ಟೇಪುಗಳು ನಿನ್ನ ಹತ್ತಿರ. ಟೇಪು ಕಳಿಸು, ಜೊತೆಗೆ ಅಜ್ಜಿ ಏನೇನು ಹೇಳಿದರು ಎಂಬುದನ್ನು ನಮ್ಮ ಜರ್ಮನ್‌ನಲ್ಲಿ ಬರೆದು ಕಳಿಸು. ನಾನು ಕಡಲ ತೀರದವಳು, ನಿಮ್ಮ ಕಡೆಯ ಆಡುಮಾತು ನನಗೆ ಹತ್ತರಲ್ಲಿ ಎರಡು ತಿಳಿದರೆ ಹೆಚ್ಚು.

ಬಿಲ್ಲಾ ಅಜ್ಜಿ ಅಡುಗೆಮನೆಯಲ್ಲಿ ಏಪ್ರನ್ನಿನಿಂದ ಕಣ್ಣೊರೆಸಿಕೊಳ್ಳುವ ದೃಶ್ಯವನ್ನು ನಿನ್ನೆ ಮೇಷ್ಟ್ರುಗಳಿಗೆ ತೋರಿಸಿದೆ. ಅದನ್ನೇ ಇನ್ನೊಮ್ಮೆ ಹಾಕಿಸಿ ನೋಡಿದರು.

ಬರ್ಲಿನ್‌ಗೆ ಒಮ್ಮೆ ಬಾ. ಮನೆಯೊಡತಿ ಜಗಳಗಂಟಿ, ಆದರೆ ಪ್ಲಮ್ ಕೇಕು ಚೆನ್ನಾಗಿ ಮಾಡುತ್ತಾಳೆ.

ನಿನ್ನ
ಆಲ್ಮುಟ್


ಮಾರ್ಬುರ್ಗ್
2 ಡಿಸೆಂಬರ್ 1979

ಪ್ರಿಯ ಆಲ್ಮುಟ್,

ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ನೀನು ಹೊರಟ ದಿನ ನನಗೆ ಜ್ವರವಿತ್ತು.

ಒಂದು ಕೆಟ್ಟ ಸುದ್ದಿ. ಹಾಸ್ಟೆಲಿನ ನೆಲಮಾಳಿಗೆಯಲ್ಲಿ ನೀರಿನ ಕೊಳವೆ ಒಡೆದು ಎಲ್ಲರ ಸಾಮಾನೂ ನೆನೆದುಹೋಯಿತು. ನಮ್ಮ ಟೇಪುಗಳೂ ಅಲ್ಲೇ ಇದ್ದವು. ಹಾಕಿ ನೋಡಿದೆ, ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ಕಳಿಸಿಲ್ಲ.

ಅಜ್ಜಿ ಚೆನ್ನಾಗಿದ್ದಾಳೆ. ಗಣಿ ಕಂಪನಿಯವರು ಹೊಸ ಊರಿನ ನಕ್ಷೆ ಹಿಡಿದುಕೊಂಡು ಬಂದಿದ್ದರಂತೆ. "ಹೊಸ ಮನ್ಯಾಗ ಅಡಿಗಿಮನಿ ಎಷ್ಟ ಸಣ್ಣದೈತಿ ನೋಡ್ರಿ, ನೀವೇ ಒಳಗ ನಿಂತು ಒಂದ್ ಸಲ ತಿರುಗಿ ತೋರಸ್ರಿ" ಎಂದು ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬೆವರಿಳಿಸಿದಳಂತೆ. ಮುಂದಿನ ಶರತ್ಕಾಲಕ್ಕೆ ಮನೆ ಖಾಲಿ ಮಾಡಬೇಕು. ಅದಕ್ಕೆ ಮುಂಚೆ ಊರಿನ ಹೋಟೆಲಿನ ಹಾಲ್‌ನಲ್ಲಿ ನಮ್ಮ ಸಿನಿಮಾ ತೋರಿಸುತ್ತೇವೆಂದು ನಾವಿಬ್ಬರೂ ಮಾತು ಕೊಟ್ಟಿದ್ದೆವು. ಜನ ಕೇಳುತ್ತಿದ್ದಾರೆ. ನಾನೇನು ಹೇಳಲಿ?

ನೀನು ಯಾವಾಗ ಬರುತ್ತೀ?

ವಿನ್‌ಫ್ರೀಡ್


ಪಶ್ಚಿಮ ಬರ್ಲಿನ್
20 ಜನವರಿ 1980

ಪ್ರಿಯ ವಿನ್‌ಫ್ರೀಡ್,

ನಿನ್ನ ಕಾಗದ ಓದಿ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಕಣ್ಣೀರು ಹಾಕಿದೆ ಎಂದು ಹೇಳಲು ನಾಚಿಕೆಯಿಲ್ಲ. ಮನೆಯೊಡತಿ ಯಾರಾದರೂ ತೀರಿಕೊಂಡರಾ ಅಂತ ಕೇಳಿದಳು. ಒಂದು ರೀತಿಯಲ್ಲಿ ಹೌದು ಅಂದೆ.

ಆದರೆ ಅಜ್ಜಿ ಇದ್ದಾರಲ್ಲ! ಊರೂ ಇನ್ನೂ ಇದೆ. ಈಸ್ಟರ್ ರಜೆಗೆ ಬರುತ್ತೇನೆ, ಮತ್ತೆ ಧ್ವನಿ ತುಂಬಿಸೋಣ. ಈ ಸಲ ಶಾಲೆಯಿಂದ ಒಳ್ಳೆಯ ಯಂತ್ರವೇ ಸಿಗುತ್ತದೆ. ರೈನ್‌ಹೋಲ್ಡ್ ಕಾರು ತರುತ್ತಾನೆ, ಅವನಿಗೆ ನಿಮ್ಮ ಕಡೆಯ ರಸ್ತೆ ಗೊತ್ತು, ನಾವಿಬ್ಬರೂ ಬಂದು ನಿಮ್ಮ ಊರಿನಲ್ಲೇ ಉಳಿಯುತ್ತೇವೆ. ನೀನು ಅಜ್ಜಿಗೆ ಹೇಳಿ ಮೂರು ಜನರಿಗೆ ಹಾಸಿಗೆ ಇಡಿಸು. ಬ್ರೆಡ್ಡಿಗೆ ಬೀಟ್ ಪಾಕ ಸವರಿ ಕೊಡುತ್ತಿದ್ದರಲ್ಲ, ಅದನ್ನು ಇವನಿಗೂ ತಿನ್ನಿಸಬೇಕು.

ವಸಂತದ ಕೊನೆಗೆ ನಾನು ಒಂದು ಸಣ್ಣ ಚಿತ್ರ ಒಪ್ಪಿಸಬೇಕು. ಇಲ್ಲದಿದ್ದರೆ ಎರಡನೇ ವರ್ಷಕ್ಕೆ ಸೇರಿಸುವುದಿಲ್ಲ. ಆದ್ದರಿಂದ ಬೇಗ ಬರೆ. ಹೂಂ ಎಂಬ ಒಂದೇ ಅಕ್ಷರ ಸಾಕು.

ಆಲ್ಮುಟ್


ಪಶ್ಚಿಮ ಬರ್ಲಿನ್
29 ಮೇ 1980

ವಿನ್‌ಫ್ರೀಡ್,

ಈಸ್ಟರ್ ಬಂತು, ಹೋಯಿತು. ನಿನ್ನ ಹೂಂ ಬರಲಿಲ್ಲ, ಉಹುಂ ಕೂಡ ಬರಲಿಲ್ಲ. ಹಾಸ್ಟೆಲಿಗೆ ಎರಡು ಸಲ ಫೋನ್ ಮಾಡಿದೆ. ಇಲ್ಲ ಅಂದರು.

ಕೈಯಲ್ಲಿದ್ದದ್ದರಲ್ಲೇ ಚಿತ್ರ ಕಟ್ಟಿದ್ದೇನೆ. ದನಿ ಇಲ್ಲವಲ್ಲ, ನಾನೇ ನಿರೂಪಣೆ ಬರೆದು ಓದಿದ್ದೇನೆ. ಶಾಲೆಯವರಿಗೆ ಮೆಚ್ಚುಗೆಯಾಗಿ ದೂರದರ್ಶನದವರಿಗೆ ತೋರಿಸಿದರು. ಅವರು ತೆಗೆದುಕೊಂಡಿದ್ದಾರೆ. ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಬರುತ್ತದೆ. ಊರಿಗೆ ಕೊಟ್ಟ ಮಾತು ಈ ರೀತಿಯಲ್ಲಾದರೂ ಉಳಿಯಲಿ. ಅಜ್ಜಿಗೆ ಹೇಳು.

ನಿನ್ನ ಹೆಸರನ್ನೂ ಹಾಕಿಸಿದ್ದೇನೆ.

ಆಲ್ಮುಟ್


ಮಾರ್ಬುರ್ಗ್
19 ಅಕ್ಟೋಬರ್ 1980

ಪ್ರಿಯ ಆಲ್ಮುಟ್,

ಕಾರ್ಯಕ್ರಮ ನೋಡಿದೆವು. ಹೋಟೆಲಿನವರು ತಮ್ಮ ಟೀವಿಯನ್ನು ಹಾಲ್‌ಗೆ ತಂದಿಟ್ಟಿದ್ದರು. ಊರಿನಲ್ಲಿ ಉಳಿದಿದ್ದವರೆಲ್ಲ ಬಂದಿದ್ದರು. ಛಾಯಾಗ್ರಹಣ ಬಹಳ ಚೆನ್ನಾಗಿದೆ. ಅಭಿನಂದನೆಗಳು.

ಅಜ್ಜಿಯ ಮನೆಯನ್ನು ಹೋದ ವಾರ ಕೆಡವಿದರು.

ವಿನ್‌ಫ್ರೀಡ್


ಪಶ್ಚಿಮ ಬರ್ಲಿನ್
3 ನವೆಂಬರ್ 1980

ಪ್ರಿಯ ವಿನ್‌ಫ್ರೀಡ್,

ನಿನ್ನ ನಾಲ್ಕು ಸಾಲು ಬಂತು. ಹೆಲ್ವಿಗ್ ಮೇಷ್ಟ್ರು ಇದ್ದಿದ್ದರೆ ಈ ಗದ್ಯಕ್ಕೆ ಪೂರ್ತಿ ಅಂಕ ಕೊಡುತ್ತಿದ್ದರು. ಒಂದು ಪದ ಹೆಚ್ಚಿಲ್ಲ, ಒಂದು ಪದ ಬೆಚ್ಚಗಿಲ್ಲ.

ಹೊಟ್ಟೆಕಿಚ್ಚು ಎಂದರೆ ನಿನಗೆ ಕೋಪ ಬರುತ್ತದೆ. ಆದರೆ ಇನ್ನೇನೆಂದು ತಿಳಿಯಲಿ? ಅಜ್ಜಿ ಏನಂದರು ಅಂತಲಾದರೂ ಬರೆಯಬಾರದಿತ್ತೆ?

ಆಲ್ಮುಟ್


ಹ್ಯಾಂಬುರ್ಗ್
26 ಏಪ್ರಿಲ್ 1987

ವಿನ್‌ಫ್ರೀಡ್,

ಆರು ವರ್ಷಕ್ಕೂ ಮೇಲಾಯಿತು. ವಿಳಾಸ ನಿನ್ನ ಅಜ್ಜಿ ಕೊಟ್ಟರು. ನೀನು ಶಾಲಾ ಮೇಷ್ಟ್ರಾಗಿದ್ದೀ, ಮದುವೆಯಾಗಿದ್ದೀ, ಹೆಂಡತಿಯ ಹೆಸರು ಆನ್ನೆಗ್ರೆಟ್, ಒಳ್ಳೆಯವಳು, ಉಪ್ಪು ಮಾತ್ರ ಕಡಿಮೆ ಹಾಕುತ್ತಾಳೆ, ಇಷ್ಟೂ ಅವರೇ ಹೇಳಿದ್ದು.

ಹೋದ ವಾರ ಒಂದು ಚಿತ್ರೀಕರಣಕ್ಕೆ ನಿಮ್ಮ ಕಡೆ ಬಂದಿದ್ದೆ. ನಾನೀಗ ಬೇರೆಯವರ ಚಿತ್ರಗಳಿಗೆ ಕ್ಯಾಮೆರಾ ಹಿಡಿಯುವವಳು, ಸ್ವಂತದ್ದು ಏನೂ ಮಾಡಿಲ್ಲ. ಬಿಡುವು ಸಿಕ್ಕಿತೆಂದು ಹೊಸ ಲಾಂಗೆನ್‌ರಾಟ್‌ಗೆ ಹೋದೆ. ಎಲ್ಲ ಮನೆಗಳೂ ಒಂದೇ ತರಹ. ಹೆಸರು ಓದುತ್ತಾ ಹೋಗಿ ಎಸ್ಸರ್ ಎಂದಿದ್ದ ಕಡೆ ಕರೆಗಂಟೆ ಒತ್ತಿದೆ.

ಬಿಲ್ಲಾ ಅಜ್ಜಿ ಬಾಗಿಲು ತೆಗೆದು ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದರು.

"ಸಿನಿಮಾದಾಕಿ ಹೌದಲ್ಲ? ಇನ್ನೂ ಹಂಗ ಬಡಕಲ ಅದೀ. ಒಳಗ ಬಾ, ಕಾಲ ಒರಸ್ಕೊ."

ಕಾಫಿ ಕೊಟ್ಟರು. ಊರಿನವರ ಸುದ್ದಿ ಹೇಳಿದರು. ನನಗೆ ತಿಳಿಯಲಿ ಎಂದು ನಿಧಾನವಾಗಿ, ಒಂದೊಂದು ಪದ ಬಿಡಿಸಿ ಮಾತಾಡುತ್ತಿದ್ದರು. ಟೀವಿಯಲ್ಲಿ ಬಂದದ್ದು ಇಷ್ಟವಾಯಿತೇ ಎಂದು ಕೇಳಿದೆ. ಕೇಳಬಾರದಿತ್ತು. ಅಲ್ಲ, ಏಳು ವರ್ಷ ಮೊದಲೇ ಕೇಳಬೇಕಿತ್ತು.

ಅವರು ಎದ್ದು ಹೋಗಿ ಬೀರುವಿನಿಂದ ಒಂದು ಕ್ಯಾಸೆಟ್ ಪ್ಲೇಯರ್ ತಂದರು. "ಮೊದಲ ಇದನ್ನ ಕೇಳು" ಅಂದು ಗುಂಡಿ ಒತ್ತಿದರು.

ಒಲೆಯ ಮೇಲೆ ಕೆಟಲಿನ ಸದ್ದು. ಹಿಂದೆ ಎಲ್ಲೋ ನಾಯಿ ಬೊಗಳಿದ್ದು. ನನ್ನ ಕ್ಯಾಮೆರಾಕ್ಕೆ ಕೀಲಿ ಕೊಡುವ ಕಿರಕಿರ. ನಿನ್ನ ಕೆಮ್ಮು. ಆಮೇಲೆ ಬಿಲ್ಲಾ ಅಜ್ಜಿಯ ದನಿ, ಗಂಟೆಯ ಹಾಗೆ ಸ್ಪಷ್ಟ. ನೀರು ಬಿದ್ದ ಗೊರಗೊರ ಎಲ್ಲೂ ಇರಲಿಲ್ಲ, ವಿನ್‌ಫ್ರೀಡ್.

"ಇದು ಎಲ್ಲಿಂದ ಬಂತು ಅಜ್ಜಿ?" ಅಂದೆ.

"ವಿನ್‌ಫ್ರೀಡ ಮಾಡಿಕೊಟ್ಟಾನ. ಟೀವಿಯೊಳಗ ಬಂದ ಮ್ಯಾಲ. ದೊಡ್ಡ ಚಕ್ರದ್ದು ಅವನ ಕಡೇನ ಐತಿ."

ಅವರು ಹೇಳುತ್ತಾ ಹೋದರು.

"ಆವತ್ತ ಹಾಲ್‌ನಾಗ ಊರ ಮಂದಿಯೆಲ್ಲ ಕುಂತಿತ್ತು. ಟೀವಿಯೊಳಗ ನನ್ನ ಮಾರಿ ಬಂತು, ಬಾಯಿ ಆಡಾಕತ್ತಿತ್ತು, ಮಾತು ನಿಂದು. ಏನಂದೀ ನೀ? 'ಮನಿ ಹೋಗತೈತಿ ಅಂತ ಈ ಮುದುಕಿ ಅಳಾಕತ್ತಾಳ, ಆಕಿಗೆ ಮಾತ ಉಳಿದಿಲ್ಲ' ಅಂದಿ. ನಾ ಎದ್ದ ನಿಂತ ಕೂಗಿದೆ, 'ನಾ ಹಂಗ ಅಂದಿಲ್ಲ! ನಾ ಅತ್ತಿಲ್ಲ!' ಟೀವಿಗೆ ಕೇಳಸ್ತೈತೇನ? ಮರುದಿನದಿಂದ ಎಲ್ಲಾರೂ, 'ಬಿಲ್ಲಾ, ಕಂಪನಿಯವರ ಮುಂದ ಹುಲಿ ಇದ್ದಿ, ಟೀವಿಯೊಳಗ ಅತ್ತೀಯಂತಲ್ಲ' ಅನ್ನಾಕತ್ತಿದ್ರು. ಅದಕ್ಕ ಮನಿಗೆ ಯಾರ ಬಂದ್ರೂ ಇದನ್ನ ಹಚ್ಚತೀನಿ."

"ಹಾಗಾದ್ರೆ ಕಣ್ಣೊರೆಸಿಕೊಂಡಿದ್ದು?"

"ನಗಿಗೆ, ಹುಚ್ಚಿ! ನಗಿಗೆ!"

ಆಮೇಲೆ ಆ ಕಥೆಯನ್ನು ನನಗಾಗಿ ಮತ್ತೆ ಹೇಳಿದರು. ನಿನ್ನ ತಾತ ಮಥೇಸ್ ಹೆಣ್ಣು ಕೇಳಲು ಬರುವಾಗ ಕಂಕುಳಲ್ಲಿ ಜೀವಂತ ಹೆಬ್ಬಾತು ಹಿಡಿದು ಸೈಕಲ್ಲಿನಲ್ಲಿ ಬಂದದ್ದು, ಅದು ತಪ್ಪಿಸಿಕೊಂಡು ಚರ್ಚಿನೊಳಗೆ ನುಗ್ಗಿದ್ದು, ಭಾನುವಾರದ ಪೂಜೆಯ ನಡುವೆ ತಾತ ಬೆಂಚುಗಳ ಕೆಳಗೆ ತೆವಳಿದ್ದು. ಪಾದ್ರಿ ಪೂಜೆ ನಿಲ್ಲಿಸಿ ಆ ಪ್ರಶ್ನೆ ಕೇಳಿದ್ದು. ಅವರು ನಕ್ಕರು, ಕಣ್ಣಲ್ಲಿ ನೀರು ಬಂತು, ಅದೇ ತರಹ ಏಪ್ರನ್ನಿನ ತುದಿಯಿಂದ ಒರೆಸಿಕೊಂಡರು. ನಾನು ಆ ಮುಖವನ್ನು ಸಂಕಲನದ ಮೇಜಿನ ಮೇಲೆ ಎಷ್ಟು ಸಲ ನೋಡಿದ್ದೆನೋ. ಒಂದು ಸಲವೂ ನೋಡಿರಲಿಲ್ಲ.

ಅಂದು ನಾವು ಚಿತ್ರ ತೆಗೆದ ದಿನ ನೀನು ಹೆಡ್‌ಫೋನ್ ಹಾಕಿಕೊಂಡು ಗೋಡೆಯ ಕಡೆ ತಿರುಗಿದ್ದೆ. ನಿನ್ನ ಭುಜ ಕುಲುಕುತ್ತಿತ್ತು. ಕ್ಯಾಮೆರಾದ ಸದ್ದಿನಲ್ಲಿ ನಗುವೋ ಬಿಕ್ಕೋ ನನಗೆ ತಿಳಿಯಲಿಲ್ಲ, ನೀನೂ ಅಳುತ್ತಿದ್ದೀ ಎಂದುಕೊಂಡೆ. ಆ ಬಗ್ಗೆ ಮಾತೆತ್ತಿದರೆ ನಿನಗೆ ನೋವಾದೀತೆಂದು ಕೇಳಲಿಲ್ಲ.

ಹೊರಡುವಾಗ ಕ್ಷಮಿಸಿ ಎಂದೆ. ಅವರು ನನ್ನ ಕೋಟಿನ ಗುಂಡಿ ಹಾಕುತ್ತಾ, "ನೀ ಕೆಟ್ಟಾಕಿ ಅಲ್ಲ. ನಿನಗ ತಿಳೀಲಿಲ್ಲ. ತಿಳೀಲಿಲ್ಲಂದ್ರ ಕೇಳಬೇಕಿತ್ತು" ಎಂದರು.

ನಾನು ಕೇಳಲಿಲ್ಲ, ಅದು ನನ್ನ ಪಾಲಿನ ತಪ್ಪು. ನೀನು ಯಾಕೆ ಹೇಳಲಿಲ್ಲ?

ಆಲ್ಮುಟ್


ಮ್ಯೋನ್‌ಶೆನ್‌ಗ್ಲಾಡ್‌ಬಾಖ್
13 ಸೆಪ್ಟೆಂಬರ್ 1987

ಆಲ್ಮುಟ್,

ನಿನ್ನ ಕಾಗದವನ್ನು ಶಾಲೆಯ ಚೀಲದಲ್ಲಿಟ್ಟುಕೊಂಡು ಬೇಸಗೆಯಿಡೀ ತಿರುಗಿದೆ. ಮಕ್ಕಳ ಪ್ರಬಂಧ ತಿದ್ದಲು ಕೂತಾಗಲೆಲ್ಲ ಕೈಗೆ ಅದೇ ಬರುತ್ತಿತ್ತು.

ಕೊಳವೆ ಒಡೆದದ್ದು ನಿಜ. ಟೇಪುಗಳು ನನ್ನ ಕೋಣೆಯಲ್ಲಿದ್ದವು. ಅವು ನನ್ನ ಹತ್ತಿರ ಇರುವವರೆಗೆ ನಿನಗೆ ಮಾರ್ಬುರ್ಗ್‌ನಲ್ಲಿ ಇನ್ನೂ ಏನೋ ಕೆಲಸ ಉಳಿದಿದೆ, ಕಳಿಸಿಬಿಟ್ಟರೆ ಏನೂ ಇಲ್ಲ ಎಂದು ತೋರಿತು. ಹಾಳಾದವು ಅಂದರೆ ನೀನೇ ಓಡಿ ಬರುತ್ತೀ ಅಂದುಕೊಂಡಿದ್ದೆ. ಬರುತ್ತೇನೆ ಅಂತ ನೀನು ಬರೆದೆ ಕೂಡ, ಆದರೆ ರೈನ್‌ಹೋಲ್ಡ್ ಜೊತೆ. ಮೂರು ಹಾಸಿಗೆ ಇಡಿಸು ಅಂದೆ. ನಾನು ಕಾಗದ ಮಡಿಸಿ ಪುಸ್ತಕದೊಳಗೆ ಇಟ್ಟೆ. ಹಾಸ್ಟೆಲಿನವರಿಗೆ ಫೋನ್ ಬಂದರೆ ಇಲ್ಲ ಅನ್ನಿ ಎಂದು ನಾನೇ ಹೇಳಿದ್ದೆ.

ಹಾಲ್‌ನಲ್ಲಿ ಅಜ್ಜಿ ಎದ್ದು ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ನಿನ್ನ ಮೇಲೆ ಕೋಪ ಬಂತು. ಅದು ಎಷ್ಟು ಸುಲಭವಾಗಿ ಬಂತೆಂದರೆ, ಅದರ ಹಿಂದೆ ನಾನು ಬಚ್ಚಿಟ್ಟುಕೊಳ್ಳಬಹುದಿತ್ತು. ಬಚ್ಚಿಟ್ಟುಕೊಂಡೆ.

ವಿನ್‌ಫ್ರೀಡ್


ಹ್ಯಾಂಬುರ್ಗ್
4 ಅಕ್ಟೋಬರ್ 1987

ವಿನ್‌ಫ್ರೀಡ್,

ರೈನ್‌ಹೋಲ್ಡ್ ನಮ್ಮ ಶಾಲೆಯ ಡ್ರೈವರು. ಆಗಲೇ ಐವತ್ತು ದಾಟಿದ್ದ, ಬೆನ್ನುನೋವಿನ ಮನುಷ್ಯ, ಎಲ್ಲಿಗೆ ಹೋದರೂ ದಾರಿಯುದ್ದಕ್ಕೂ ಹೆಂಡತಿಯ ಗುಣಗಾನ ಮಾಡುತ್ತಿದ್ದ. ಯಂತ್ರಗಳನ್ನು ಅವನಿಲ್ಲದೆ ಹೊರಗೆ ಬಿಡುತ್ತಿರಲಿಲ್ಲ. ಇದನ್ನು ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಬರೆಯಬೇಕೆಂದು ನನಗೆ ಹೊಳೆಯಲಿಲ್ಲ. ಮಾರ್ಬುರ್ಗ್‌ನಲ್ಲಿ ಯಾರೋ ಆ ಹೆಸರು ಓದಿ ಕಾಗದ ಮಡಿಸಿಡುತ್ತಾರೆಂದು ಗೊತ್ತಿದ್ದರೆ ಏನು ಬರೆಯುತ್ತಿದ್ದೆನೋ, ಈಗ ಅದನ್ನು ಯೋಚಿಸಲು ನನಗೆ ಇಷ್ಟವಿಲ್ಲ. ಆನ್ನೆಗ್ರೆಟ್‌ಗೂ ಅದು ನ್ಯಾಯವಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ಅಜ್ಜಿಗೆ ಅವರ ಬಾಯಿಯನ್ನು ಹಿಂತಿರುಗಿಸಬೇಕು. ಬರ್ಲಿನ್ ಬಿಡುವಾಗ ಜಾಗವಿಲ್ಲವೆಂದು ಉಳಿಕೆ ರೀಲುಗಳನ್ನೆಲ್ಲ ಎಸೆದು ಬಂದಿದ್ದೆ. ಟೀವಿಯಲ್ಲಿ ಬಂದ ಚಿತ್ರದ ಒಂದು ಪ್ರತಿ ಮಾತ್ರ ಉಳಿದಿದೆ. ನಮ್ಮದು ಕೀಲಿ ಕೊಡುವ ಕ್ಯಾಮೆರಾ, ದನಿಗೂ ಚಿತ್ರಕ್ಕೂ ನಂಟು ಹಾಕುವ ತಂತಿಯಿಲ್ಲ. ನಾನು ಚಿತ್ರಕ್ಕೆ ತಕ್ಕಂತೆ ಕತ್ತರಿಸಿದ್ದರಿಂದ ತುಟಿಗೆ ಮಾತು ಎಲ್ಲ ಕಡೆ ಕೂಡುವುದಿಲ್ಲ. ಆದರೂ ಅಡುಗೆಮನೆಯ ಆ ತುಂಡನ್ನು ನಾನು ಕತ್ತರಿಸದೆ ಇಡಿಯಾಗಿ ಬಿಟ್ಟಿದ್ದೆ. ಅಲ್ಲಿ ಕೂಡಬಹುದು.

ದೊಡ್ಡ ಟೇಪು ಕಳಿಸು. ಅವರಿಗೆ ಎಂಬತ್ತು ದಾಟಿದೆ, ತಡಮಾಡಬೇಡ.

ಆಲ್ಮುಟ್


ಮ್ಯೋನ್‌ಶೆನ್‌ಗ್ಲಾಡ್‌ಬಾಖ್
21 ಫೆಬ್ರವರಿ 1988

ಆಲ್ಮುಟ್,

ಅಜ್ಜಿ ತೀರಿಕೊಂಡಳು. ಎರಡು ವಾರವಾಯಿತು. ನೆಗಡಿ ಎಂದು ಮಲಗಿದ್ದಳು, ಅದು ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಶುದ್ಧ ಜರ್ಮನ್‌ನಲ್ಲಿ ಏನೋ ಕೇಳಿದರೆ, ಇವಳು ತನ್ನ ಮಾತಲ್ಲೇ, "ಇಂವಂಗ ನನ್ನ ಮಾತ ತಿಳಿಯಂಗಿಲ್ಲ, ನೀ ಹೇಳೋ ವಿನ್‌ಫ್ರೀಡಾ, ಉಸರ ಹಿಡೀತೈತಿ ಅಂತ. ನಾ ಅಂದಂಗ ಹೇಳು, ನಿಂದೇನೂ ಸೇರಸಬ್ಯಾಡ" ಎಂದಳು. ಹೇಳಿದೆ. ಏನೂ ಸೇರಿಸಲಿಲ್ಲ.

ಟೇಪನ್ನು ನಿನ್ನ ಕಾಗದ ಬಂದ ದಿನವೇ ಕಳಿಸಬೇಕಿತ್ತು. ಮೊದಲು ನನಗೊಂದು ಪ್ರತಿ ತೆಗೆದುಕೊಳ್ಳೋಣ ಅಂದುಕೊಂಡೆ, ಆಮೇಲೆ ಪರೀಕ್ಷೆ, ಆಮೇಲೆ ಕ್ರಿಸ್ಮಸ್ ರಜೆಯಲ್ಲಿ ಸರಿಯಾಗಿ ಕಟ್ಟಿ ಕಳಿಸೋಣ ಅಂದುಕೊಂಡೆ. ಸುಳ್ಳು ಹೇಳುತ್ತಿಲ್ಲ, ಈ ಸಲ ನಿಜವಾಗಿಯೂ ಬರೀ ಸೋಮಾರಿತನ. ಅದು ಇನ್ನೂ ಕೆಟ್ಟದು.

ಇವತ್ತು ಪಾರ್ಸೆಲ್ ಮಾಡಿದ್ದೇನೆ. ಅವಳು ಆಡಿದ ಪ್ರತಿ ಮಾತನ್ನೂ ಬರೆದು ಜೊತೆಗಿಟ್ಟಿದ್ದೇನೆ. ಈಗ ಯಾರಿಗಾಗಿ ಎಂದು ನೀನು ಕೇಳಬಹುದು. ಆದರೂ ಮಾಡು.

ವಿನ್‌ಫ್ರೀಡ್


ಹ್ಯಾಂಬುರ್ಗ್
17 ಜುಲೈ 1988

ಪ್ರಿಯ ವಿನ್‌ಫ್ರೀಡ್,

ರೀಲು ಕಳಿಸುತ್ತಿದ್ದೇನೆ. ದಿನದ ಕೆಲಸ ಮುಗಿದ ಮೇಲಷ್ಟೇ ಸ್ಟುಡಿಯೋದವರು ಸಂಕಲನದ ಮೇಜು ಬಿಟ್ಟುಕೊಡುತ್ತಿದ್ದರು, ಅದಕ್ಕೇ ಇಷ್ಟು ದಿನ ಹಿಡಿಯಿತು.

ನನ್ನ ದನಿಯನ್ನು ಪೂರ್ತಿ ತೆಗೆದುಹಾಕಿದೆ. ಅಜ್ಜಿಯ ಮಾತು ತುಟಿಗೆ ಕೂಡಿದ್ದು ಆ ಒಂದು ತುಂಡಿನಲ್ಲಿ ಮಾತ್ರ, ಅರ್ಧ ನಿಮಿಷ ಇದ್ದೀತು. ಪಾದ್ರಿಯ ಮಾತು, ಅವರ ನಗು, ಏಪ್ರನ್ನು. ಉಳಿದದ್ದಕ್ಕೆ ಏನೂ ಹಾಕಲು ಮನಸ್ಸು ಬರಲಿಲ್ಲ. ಸಂಗೀತ ಹಾಕಬಹುದಿತ್ತು. ಬೇಡ ಅನಿಸಿತು. ಬೀದಿ, ಬಾಗಿಲು, ಬೇಲಿ, ಜನ, ಎಲ್ಲ ಸದ್ದಿಲ್ಲದೆ ಹೋಗುತ್ತವೆ. ಜನರಿಗೆ ಬೇಸರವಾದೀತು ಅಂತ ಮೊದಲೇ ಹೇಳಿಬಿಡು.

ತೋರಿಸುವ ದಿನ ನನ್ನನ್ನು ಕರೆಯಬೇಡ. ಕರೆದರೆ ಬಂದುಬಿಡುತ್ತೇನೆ. ಬಂದರೆ ಎಲ್ಲರೂ ಸಭ್ಯತೆಯಿಂದ ನನ್ನ ಜೊತೆ ಶುದ್ಧ ಜರ್ಮನ್‌ನಲ್ಲಿ ಮಾತಾಡಲು ಶುರುಮಾಡುತ್ತಾರೆ.

ಆಲ್ಮುಟ್


ಮ್ಯೋನ್‌ಶೆನ್‌ಗ್ಲಾಡ್‌ಬಾಖ್
23 ಅಕ್ಟೋಬರ್ 1988

ಪ್ರಿಯ ಆಲ್ಮುಟ್,

ನಿನ್ನೆ ಮಧ್ಯಾಹ್ನ ಹೊಸ ಊರಿನ ಸಮುದಾಯ ಭವನದಲ್ಲಿ ತೋರಿಸಿದೆವು. ನೀನು ಹೇಳಿದ ಹಾಗೆ ಕರೆಯಲಿಲ್ಲ. ಬೆಳಿಗ್ಗೆ ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ.

ಕುರ್ಚಿ ಸಾಲದೆ ಹೋಯಿತು. ಹೆಂಗಸರು ಕೇಕು ಮಾಡಿ ತಂದಿದ್ದರು. ಶುರುವಿನಲ್ಲೇ ಅಡುಗೆಮನೆಯ ತುಂಡು ಬಂತು. ಅಜ್ಜಿಯ ಬಾಯಿ ಆಡಿತು, ಅಜ್ಜಿಯದೇ ಮಾತು ಬಂತು. "ಪಾದ್ರಿ ಪೂಜಿ ನಿಲ್ಲಿಸಿ ಕೇಳಿದಾ, 'ಮಥೇಸಾ, ನಿನ್ನ ಲಗ್ನ ಯಾರ ಜೋಡಿ? ಬಿಲ್ಲಾನ ಜೋಡಿಯೋ, ಇದರ ಜೋಡಿಯೋ?'" ಇಡೀ ಭವನ ಗೊಳ್ಳೆಂದು ನಕ್ಕಿತು. ಅಂದು ಟೀವಿ ನೋಡಿ ಅವಳನ್ನು ಆಡಿಕೊಂಡವರೇ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಶಿಫರ್ ಮುದುಕ, "ಅಳಾಕತ್ತಾಳ ಅಂದಿದ್ವಲ್ಲೋ, ನಾಲಿಗಿ ಸೇದಿಹೋಗಲಿ ನಮ್ದು" ಅಂದ. ಅವಳ ಕುರ್ಚಿ ಎಂದು ಯಾರೂ ಖಾಲಿ ಬಿಟ್ಟಿರಲಿಲ್ಲ, ಅಷ್ಟು ಜನ. ಅದೇ ನನಗೆ ತಡೆಯಲಾಗದ ಹಾಗಾಯಿತು.

ಆಮೇಲೆ ಸದ್ದಿಲ್ಲದ ಭಾಗ. ನಾನು ಎದ್ದು, ಮುಂದೆ ಧ್ವನಿ ಇಲ್ಲ, ಕ್ಷಮಿಸಬೇಕು ಎಂದು ಹೇಳಲು ಬಾಯಿ ತೆರೆದೆ. ಹೇಳಗೊಡಲಿಲ್ಲ.

"ಏ, ಅದು ನಮ್ಮ ಹಿತ್ತಲ ಬಾಗಲಾ!"

"ನಿಮ್ದೆಲ್ಲಿ? ನಿಮ್ದಕ್ಕ ಹಸರ ಬಣ್ಣ ಇತ್ತು. ಅದು ಬಡಗೇರ ಮನಿದು."

"ಹಸರ ನೀ ಬಳದಿದ್ದ್ಯಾ? ಸುಮ್ನ ಕುಂದರು."

"ನೋಡ್ರಿ, ನೋಡ್ರಿ, ಗ್ರೇಟಾ! ಕೋಳಿ ಓಡಸಾಕತ್ತಾಳ. ಅದೇನ ಬೈಗುಳ ಬೈತಿದ್ಳಪ್ಪಾ ಆಕಿ."

"ಹೇಳ, ಹೇಳ, ಏನ ಬೈತಿದ್ಳು?"

ಯಾರೋ ಹೇಳಿದರು. ಮತ್ತೆ ನಗು. ಬೀದಿಯ ಒಂದೊಂದು ಮನೆಗೂ ಒಬ್ಬೊಬ್ಬರು ಮಾತಾಡಿದರು, ಜಗಳವಾಡಿದರು, ಒಬ್ಬಳು ಅತ್ತಳು. ನಮ್ಮ ಓರಗೆಯವರ ಮಕ್ಕಳು ಶುದ್ಧ ಜರ್ಮನ್ ಬಿಟ್ಟರೆ ಬೇರೆ ತಿಳಿಯದವರು, ದೊಡ್ಡವರ ತೋಳು ಜಗ್ಗಿ, "ಏನಂದ್ರು? ಈಗ ಏನಂದ್ರು?" ಎಂದು ಕೇಳುತ್ತಿದ್ದರು. ಆ ಮಾತನ್ನು ಒಂದೇ ಕಡೆ ಅಷ್ಟು ಜನ ಆಡುವುದನ್ನು ನಾನು ವರ್ಷಗಳಿಂದ ಕೇಳಿರಲಿಲ್ಲ. ಇನ್ನು ಮುಂದೆ ಕೇಳುತ್ತೇನೋ ಇಲ್ಲವೋ.

ಟೇಪಿನಲ್ಲಿ ಹಿಡಿದಿಟ್ಟುಕೊಳ್ಳಬೇಕೆಂದು ನನಗೆ ತೋಚಲೇ ಇಲ್ಲ. ಭಾಷೆ ಓದಿದವನು, ಸಿನಿಮಾ ಓದಿದವನು, ಬರಿಗೈಯಲ್ಲಿ ಹೋಗಿ ನಿಂತಿದ್ದೆ. ರೀಲು ಮುಗಿದು ಪರದೆ ಬೆಳ್ಳಗಾದ ಮೇಲೂ ಅವರು ನಿಲ್ಲಿಸಲಿಲ್ಲ. ನಾನು ದೀಪ ಹಾಕದೆ ಗೋಡೆಗೊರಗಿ ಕೇಳುತ್ತಾ ಇದ್ದೆ.

ನೀನಿದ್ದಿದ್ದರೆ ನಿನ್ನ ಕಿವಿಯಲ್ಲಿ ಒಂದೊಂದನ್ನೂ ಅವರು ಅಂದ ಹಾಗೆಯೇ ಹೇಳುತ್ತಿದ್ದೆ.

ವಿನ್‌ಫ್ರೀಡ್